ಕ್ರೀಡಾನಿರ್ಮಾಣವೂ ಅದರ ಸಾಧನಗಳೂ

ಆಟವನ್ನು ಆಡುವವರು ಬಹುಮಂದಿ. ಆಟವನ್ನು ಕಟ್ಟುವವರು ವಿರಳ. ಚದುರಂಗವನ್ನು ಮೊದಲು ಕಟ್ಟಿದ ಪುಣ್ಯಾತ್ಮನ ಹೆಸರನ್ನು ಯಾರೂ ಹೇಳಲಾರರು. ಪಗಡೆಯ ಮಾತೂ ಹಾಗೆಯೇ. ಹಿರಿಯರು ಕೊಟ್ಟ ಮನೆಗಳಲ್ಲಿ ಹಿರಿಯರು ಕೊಟ್ಟ ಕಾಯಿಗಳನ್ನು ನಡೆಸುವುದಷ್ಟೇ ನಮ್ಮ ಪಾಲಿಗೆ ಬಂದ ಕೆಲಸವೆಂದು ಸಾಮಾನ್ಯವಾಗಿ ಎಲ್ಲರೂ ಭಾವಿಸಿರುವರು. ಆದರೆ ಕಳೆದ ನಾಲ್ಕು ದಶಕಗಳಿಂದ ಈ ಭಾವನೆಯನ್ನು ಅಲುಗಿಸತಕ್ಕ ಒಂದು ಮಾರ್ಪಾಡು ನಡೆದುಬಂದಿದೆ. ಗಣಕಯಂತ್ರದ ತೆರೆಯ ಮೇಲೆ ಆಡುವ ವಿಡಿಯೋ ಗೇಮುಗಳನ್ನು ಆಡುವವನೇ ಕಟ್ಟಿ, ಕಟ್ಟಿದುದನ್ನು ಲೋಕಕ್ಕೆ ಪ್ರಕಟಿಸಲು ಅನುವಾಗುವಂತೆ ಹಲವು ಸಾಧನಗಳು ಹುಟ್ಟಿಕೊಂಡಿವೆ. ಹತ್ತು ವರ್ಷದ ಬಾಲಕನು ಬೆಳಗ್ಗೆ ಕಟ್ಟಿದ ಆಟವನ್ನು ಸಂಜೆಗೆ ಸಾಗರದಾಚೆಯ ಬಾಲಕನು ಆಡುವುದು ಇಂದು ಆಶ್ಚರ್ಯದ ಸಂಗತಿಯಾಗಿ ಉಳಿದಿಲ್ಲ.

ಇದು ಹುಡುಗರ ವಿಷಯ, ಸಾಹಿತ್ಯಪತ್ರಿಕೆಗೆ ತಕ್ಕುದಲ್ಲ ಎಂದು ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಅಂಥವರಲ್ಲಿ ನನ್ನ ಬಿನ್ನಹವೇನೆಂದರೆ, ಆಟ ಕಟ್ಟುವ ವಿದ್ಯೆಯ ವಿಷಯದಲ್ಲಿ ಮಾತನಾಡಲು ನಮ್ಮ ಮೈಸೂರು ನಗರಕ್ಕೆ ಇರುವ ಅಧಿಕಾರವು ಬೇರೆ ಊರುಗಳಿಗೆ ಸುಲಭವಾಗಿ ದೊರೆಯತಕ್ಕುದಲ್ಲ. ಈ ನಗರವನ್ನಾಳಿದ ದೊರೆಯೊಬ್ಬರು ಸ್ವತಃ ಆಟಗಳನ್ನು ಕಟ್ಟಿದರು. ಅವುಗಳ ವಿಧಿಗಳನ್ನು ಗ್ರಂಥಸ್ಥಗೊಳಿಸಿದರು. ಅವುಗಳ ಮನೆಗಳನ್ನು ಗೋಡೆಗಳ ಮೇಲೆ ಬರೆಯಿಸಿದರು. ಆ ಇತಿಹಾಸವನ್ನು ಮುಂದಿಟ್ಟುಕೊಂಡು ನೋಡಿದರೆ, ಇಂದಿನ ಹೊಸ ಸಾಧನಗಳನ್ನು ಕುರಿತು ಕೇಳಬೇಕಾದ ಪ್ರಶ್ನೆ ತಾನಾಗಿಯೇ ತೋರಿಬರುವುದು. ಕಟ್ಟಿದ ಆಟವು ಉಳಿಯುವುದು ಯಾವುದರಿಂದ? ಉಳಿದರೆ ಅದು ಯಾರ ಸೊತ್ತು? ಈ ಎರಡು ಪ್ರಶ್ನೆಗಳನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮುಮ್ಮಡಿ ಕೃಷ್ಣರಾಜ ಒಡೆಯರು ಜನಿಸಿದುದು 1794ರಲ್ಲಿ. ಶ್ರೀರಂಗಪಟ್ಟಣವು ಬಿದ್ದ 1799ರಲ್ಲಿ, ಐದು ವರ್ಷದ ಬಾಲಕರಾಗಿದ್ದಾಗಲೇ, ಅವರಿಗೆ ಪಟ್ಟಾಭಿಷೇಕವಾಯಿತು. 1831ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು ಕಮಿಷನರುಗಳ ಮೂಲಕ ನಡೆಸತೊಡಗಿದರು. ಅಲ್ಲಿಂದ 1868ರಲ್ಲಿ ಸ್ವರ್ಗಸ್ಥರಾಗುವವರೆಗೆ ಅವರಿಗೆ ಸಿಂಹಾಸನವಿದ್ದಿತು, ರಾಜ್ಯಭಾರವಿರಲಿಲ್ಲ. ಅಧಿಕಾರವನ್ನು ಕಳೆದುಕೊಂಡ ಅರಸರು ಅನೇಕರು ಕಾಲವನ್ನು ವ್ಯರ್ಥವಾಗಿ ಕಳೆದುದುಂಟು. ಇವರಾದರೋ ಪಂಡಿತರನ್ನೂ ಚಿತ್ರಗಾರರನ್ನೂ ಗಾಯಕರನ್ನೂ ಸೇರಿಸಿಕೊಂಡು ವಿದ್ಯೆಯಲ್ಲಿ ತೊಡಗಿದರು. ಹೀಗೆ ಹುಟ್ಟಿದ ಮಹಾಗ್ರಂಥವೇ ‘ಶ್ರೀತತ್ತ್ವನಿಧಿ’. ಅದರಲ್ಲಿ ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಮೊದಲಾದ ಒಂಬತ್ತು ನಿಧಿಗಳಿವೆ. ಒಂಬತ್ತನೆಯದು ಕೌತುಕನಿಧಿ. ಯೋಗಾಸನಗಳ ಇತಿಹಾಸವನ್ನು ಅರಸುವವರು ಇದೇ ಕೌತುಕನಿಧಿಯಲ್ಲಿರುವ 122 ಆಸನಗಳ ಚಿತ್ರಗಳನ್ನು ಹುಡುಕಿಕೊಂಡು ಬರುವರು. ನಮಗೆ ಪ್ರಕೃತವಾದುದು ಅದರಲ್ಲಿರುವ ಆಟದ ಎಲೆಗಳ ಭಾಗ.

ಗಂಜೀಫವೆಂಬ ಎಲೆಯಾಟವು ಭರತಖಂಡಕ್ಕೆ ಮೊಗಲರ ಕಾಲದಲ್ಲಿ ಹಬ್ಬಿದುದು. ಮೊಗಲ್ ಗಂಜೀಫದಲ್ಲಿ ಎಂಟು ಬಣ್ಣಗಳು, 96 ಎಲೆಗಳು. ದಶಾವತಾರ ಗಂಜೀಫದಲ್ಲಿ ಹತ್ತು ಬಣ್ಣಗಳು, 120 ಎಲೆಗಳು. ಮಹಾರಾಜರಿಗೆ ಇಷ್ಟು ಸಾಲಲಿಲ್ಲ. ಅವರು ಇದ್ದ ಆಟವನ್ನು ಆಡಿ ತೃಪ್ತರಾಗದೆ ಅದರ ಅಂಗಾಂಗಗಳನ್ನು ಬಿಡಿಸಿ ನೋಡಿ ಹೊಸ ಹೊಸ ಕಟ್ಟುಗಳನ್ನು ರಚಿಸಿದರು. ಎಲೆಗೆ ಸಂಸ್ಕೃತದಲ್ಲಿ ಛದವೆಂಬ ಹೆಸರುಂಟಷ್ಟೆ. ಅದರಿಂದ ಇವುಗಳಿಗೆ ಚಾಮುಂಡೇಶ್ವರೀ ಛದ ಮೊದಲಾದ ಹೆಸರುಗಳಾದುವು. ಸಾಮಾನ್ಯವಾಗಿ ಒಂದೊಂದು ಬಣ್ಣದಲ್ಲಿ ಹನ್ನೆರಡು ಅಂಕದ ಎಲೆಗಳೂ ಆರು ಆಸ್ಥಾನದ ಎಲೆಗಳೂ ಇರುವುವು. ಕೆಲವು ಆಟಗಳಲ್ಲಿ ಬಣ್ಣಗಳ ಸಂಖ್ಯೆ ಹದಿನೆಂಟರವರೆಗೂ ಎಲೆಗಳ ಸಂಖ್ಯೆ 360ರವರೆಗೂ ಏರುವುದು. ಯಾವ ಎಲೆಯ ಮೇಲೆ ಯಾವ ದೇವತೆಯನ್ನು ಹೇಗೆ ಬರೆಯತಕ್ಕದ್ದೆಂಬ ವಿವರವನ್ನು ಗ್ರಂಥದಲ್ಲಿ ಬಣ್ಣದ ಚಿತ್ರಗಳೊಡನೆ ಕೊಟ್ಟಿದೆ.

ಎಲೆಗಳಷ್ಟೇ ಅಲ್ಲದೆ ಮನೆಗಳನ್ನು ಬರೆದು ಕಾಯಿ ನಡೆಸುವ ಆಟಗಳನ್ನೂ ಅವರು ಕಲ್ಪಿಸಿದರು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅಂಥ ಆಟಗಳ ಪಟಗಳು ವರ್ಣಚಿತ್ರಗಳಾಗಿ ಇವೆ. ಚದುರಂಗದ ಕುದುರೆಯು ಯಾವ ಮನೆಯನ್ನೂ ಎರಡನೆಯ ಸಲ ಮೆಟ್ಟದೆ ಎಲ್ಲ ಮನೆಗಳನ್ನೂ ಸುತ್ತಿಬರುವ ತುರಗಗತಿಯೆಂಬ ಸಮಸ್ಯೆಯಲ್ಲಿಯೂ ಅವರಿಗೆ ಮಿಗಿಲಾದ ಆಸಕ್ತಿಯಿದ್ದಿತು. ಅವರು ರಚಿಸಿದ ಗತಿಗಳನ್ನು ಪಾಶ್ಚಾತ್ಯರಾದ ಚದುರಂಗದ ಇತಿಹಾಸಕಾರರೂ ಹೆಸರಿಸಿರುವರು. ಈ ತುರಗಗತಿ ನಮ್ಮ ಕವಿಗಳಿಗೆ ಬಹು ಹಿಂದಿನಿಂದಲೂ ಪರಿಚಿತವಾದುದು. ಒಂಬತ್ತನೆಯ ಶತಮಾನದ ರುದ್ರಟನು ‘ಕಾವ್ಯಾಲಂಕಾರ’ದಲ್ಲಿ ಇದನ್ನು ಹೇಳಿರುವನು. ವೇದಾಂತದೇಶಿಕರು ‘ಪಾದುಕಾಸಹಸ್ರ’ದಲ್ಲಿ ಒಂದು ಶ್ಲೋಕದ ಮೂವತ್ತೆರಡು ಅಕ್ಷರಗಳನ್ನು ಮನೆಗಳಲ್ಲಿ ಬರೆದು ಕುದುರೆಯ ನಡೆಯಂತೆ ಓದಿದರೆ ಮತ್ತೊಂದು ಶ್ಲೋಕವು ಬರುವಂತೆ ರಚಿಸಿರುವರು. ಕುದುರೆಯ ನಡೆಯೆಂಬ ಒಂದು ಸಣ್ಣ ವಿಧಿ ಕೈಗೆ ಸಿಕ್ಕಿದರೆ ಕವಿಯೂ ದೊರೆಯೂ ತಮ್ಮ ತಮ್ಮ ಬುದ್ಧಿಗೆ ತೋರಿದಂತೆ ಹೊಸತನ್ನು ಕಟ್ಟಬಲ್ಲರೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಕಿಲ್ಲ.

ಈಗ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಮಹಾರಾಜರ ಛದಗಳು ಜನರ ಬಳಕೆಗೆ ಬರಲಿಲ್ಲ. 360 ಎಲೆಗಳ ಕಟ್ಟನ್ನು ಕೈಯಿಂದ ಬರೆಯಿಸಿಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿದ್ದೀತು? ಹದಿನೆಂಟು ಬಣ್ಣಗಳ ತಾರತಮ್ಯವನ್ನು ನೆನಪಿನಲ್ಲಿಟ್ಟುಕೊಂಡು ಆಡುವ ತಾಳ್ಮೆ ಎಷ್ಟು ಜನರಿಗಿದ್ದೀತು? ಆಟವಾಗಿ ಅವು ಅರಮನೆಯ ಸುತ್ತುಗೋಡೆಯನ್ನು ದಾಟಲಿಲ್ಲವೆಂದೇ ಹೇಳಬೇಕು. ಆದರೂ ಅವು ನಷ್ಟವಾಗಲಿಲ್ಲ. ಗ್ರಂಥವಿದ್ದಿತು, ಗ್ರಂಥದಲ್ಲಿ ವಿಧಿಯಿದ್ದಿತು, ಗೋಡೆಯಲ್ಲಿ ಪಟವಿದ್ದಿತು. ಆದಕಾರಣ ಮುಂಬಯಿಯಲ್ಲಿ ಬಹುಕಾಲ ನೆಲೆಸಿದ್ದ ಜರ್ಮನ್ ವಿದ್ವಾಂಸ ರುಡಾಲ್ಫ್ ಫಾನ್ ಲೇಡನ್ ಎಂಬವರು ಕೌತುಕನಿಧಿಯ ಎಲೆಗಳನ್ನು ಪರಿಶೀಲಿಸುವುದು ಸಾಧ್ಯವಾಯಿತು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಭಾರತದ ಗಂಜೀಫಗಳ ಪ್ರದರ್ಶನವಾದಾಗ ಅದಕ್ಕೆ ಗ್ರಂಥ ಬರೆದವರೂ ಅವರೇ. ಚಿತ್ರಕಾರ ಗಂಜೀಫ ರಘುಪತಿ ಭಟ್ಟರು ಮೈಸೂರಿನ ಗಂಜೀಫಕಲೆಗೆ ಮತ್ತೆ ಜೀವ ಕೊಟ್ಟುದೂ, ನಮ್ಮ ನಗರದ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಈ ಶತಮಾನದಲ್ಲಿ ‘ಕ್ರೀಡಾಕೌಶಲ್ಯ’ವೆಂಬ ಹೆಸರಿನಿಂದ ಹಳೆಯ ಆಟಗಳ ಪ್ರದರ್ಶನಗಳನ್ನು ಏರ್ಪಡಿಸಿ ಪಟಗಳನ್ನೂ ಕಾಯಿಗಳನ್ನೂ ಮತ್ತೆ ಮಾಡಿಸಿದುದೂ ಇದೇ ರೀತಿಯಲ್ಲಿ ಸಾಧ್ಯವಾದುವು. ಆಡುವವರು ಇಲ್ಲದಿದ್ದರೂ ಬರೆಹವು ಆಟವನ್ನು ಕಾಪಾಡಿತು.

ಇದಕ್ಕೆ ಪ್ರತಿಯಾದ ನಿದರ್ಶನವು ನಮ್ಮ ನಮ್ಮ ಮನೆಯ ಹಜಾರದಲ್ಲಿಯೇ ಇದೆ. ಚೌಕಾಬಾರದ ವಿಧಿಯನ್ನು ನಮ್ಮ ಅಜ್ಜಿಯರಲ್ಲಿ ಯಾರೂ ಗ್ರಂಥದಿಂದ ಕಲಿತವರಲ್ಲ. ಒಂದು ಚೂರು ಸೀಮೆಸುಣ್ಣದಿಂದ ಇಪ್ಪತ್ತೈದು ಮನೆಗಳನ್ನು ಗೀಚಿ, ನಾಲ್ಕು ಕವಡೆಗಳನ್ನು ತಂದರೆ ಆಟಕ್ಕೆ ಆರಂಭ. ಕವಡೆಯಿಲ್ಲದಿದ್ದರೆ ಒಂದು ಮಗ್ಗುಲು ತೇದ ಹುಣಸೆಬೀಜಗಳಾದರೂ ಆಯಿತು. ಕಾಯಿಗಳಿಗೆ ಬಳೆಚೂರುಗಳೇ ಸಾಕು. ನಾಲ್ಕೂ ಕವಡೆಗಳು ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಮಗುಚಿ ಬಿದ್ದರೆ ಎಂಟು ಎಂಬುದು ಎಲ್ಲ ಕಡೆಯೂ ಒಂದೇ. ಆದರೆ ಒಳಸುತ್ತಿಗೆ ಇಳಿಯುವುದಕ್ಕೆ ಮುಂಚೆ ಎದುರಾಳಿಯ ಕಾಯೊಂದನ್ನು ಕಡಿದಿರಬೇಕೆಂದು ಒಂದು ಮನೆಯವರು ಹೇಳಿದರೆ, ಪಕ್ಕದ ಮನೆಯವರು ಅದನ್ನು ಒಪ್ಪುವುದಿಲ್ಲ. ಸೊಸೆಯಾಗಿ ಬಂದವಳು ತವರಿನ ವಿಧಿಯನ್ನು ತರುವಳು. ಎರಡೂ ಸೇರಿ ಮೂರನೆಯ ವಿಧಿಯೊಂದು ಹುಟ್ಟುವುದು. ಇಲ್ಲಿ ಆಡುವವರೇ ಕಟ್ಟುವವರು. ಬರೆಹವಿಲ್ಲದಿದ್ದರೂ ಬಳಕೆಯು ಆಟವನ್ನು ಕಾಪಾಡಿತು. ಗ್ರಂಥ, ಬಳಕೆ ಎಂಬ ಈ ಎರಡು ಆಸರೆಗಳಲ್ಲಿ ಒಂದಾದರೂ ಇದ್ದರೆ ಆಟವು ಬದುಕುವುದೆಂದು ಇದರಿಂದ ತಿಳಿಯತಕ್ಕದ್ದು.

ಇನ್ನು ವಿಡಿಯೋ ಗೇಮುಗಳ ಕಡೆಗೆ ತಿರುಗೋಣ. ಯಾವ ಆಟಕ್ಕಾದರೂ ಮನೆ, ಕಾಯಿ, ವಿಧಿ ಎಂಬ ಮೂರು ಅಂಗಗಳು ಬೇಕು. ಚೌಕಾಬಾರದಲ್ಲಿ ಈ ಮೂರೂ ಕಣ್ಣಿಗೆ ಕಾಣುವುವು. ವಿಡಿಯೋ ಗೇಮಿನಲ್ಲಿ ಮೂರೂ ಗಣಕಯಂತ್ರಕ್ಕೆ ಕೊಟ್ಟ ಆಜ್ಞೆಗಳ ಸಾಲಿನಲ್ಲಿ ಅಡಗಿರುವುವು. ಆ ಆಜ್ಞೆಗಳ ಭಾಷೆಯನ್ನು ಬಲ್ಲವರು ಮಾತ್ರ ಆಟವನ್ನು ಕಟ್ಟಬಲ್ಲರು. ಉಳಿದವರು ಹಣ ಕೊಟ್ಟು ಆಡತಕ್ಕವರು. ಮೊದಲ ದಿನಗಳ ಸ್ಥಿತಿ ಇದೇ ಆಗಿದ್ದಿತು. ಆಮೇಲೆ ಆಟಗಾರರಾದ ಕೆಲವರು ಮನೆಯನ್ನೂ ಕಾಯಿಯನ್ನೂ ವಿಧಿಯಿಂದ ಬೇರ್ಪಡಿಸಿ, ಅವುಗಳನ್ನು ಇಟ್ಟು ತೆಗೆದು ಜೋಡಿಸುವ ಕೆಲಸವನ್ನು ಆಡುವವನಿಗೆ ಬಿಟ್ಟುಕೊಟ್ಟರು. 1983ರಲ್ಲಿ ಹೊರಬಂದ ‘ಲೋಡ್ ರನ್ನರ್’ ಎಂಬ ಆಟದಲ್ಲಿ 150 ಘಟ್ಟಗಳಿದ್ದುವು. ಅವುಗಳೊಡನೆ ಹೊಸ ಘಟ್ಟವನ್ನು ಆಡುವವನೇ ರಚಿಸುವ ಉಪಕರಣವೂ ಇದ್ದಿತು. ಅದೇ ಕಾಲದಲ್ಲಿ ಬಿಲ್ ಬಡ್ಜ್ ಎಂಬವರ ‘ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್’ ಪ್ರಕಟವಾಯಿತು. ಇದರ ಹೆಸರೇ ಇದರ ಲಕ್ಷಣವನ್ನು ಹೇಳುವುದು: ಇದರಲ್ಲಿ ಆಡಲು ಕಟ್ಟಿದ ಆಟಕ್ಕಿಂತ ಆಟವನ್ನು ಕಟ್ಟುವ ಸಾಮಗ್ರಿಯೇ ಪ್ರಧಾನ. ತೆರೆಯ ಮೇಲಿನ ತುಂಡುಗಳನ್ನು ಎಳೆದು ತಂದು ಜೋಡಿಸಿದರೆ ಚೆಂಡಾಟದ ಮೇಜೊಂದು ಸಿದ್ಧವಾಗುವುದು. ಅದನ್ನು ಒಂದು ಫ್ಲಾಪಿಯ ಮೇಲೆ ಬರೆದು ಸ್ನೇಹಿತನಿಗೆ ಕೊಟ್ಟರೆ, ಅವನು ಮೂಲ ಸಾಧನವನ್ನು ಕೊಳ್ಳದೆಯೇ ಆ ಆಟವನ್ನು ಆಡಬಹುದಾಗಿದ್ದಿತು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಂಥ ಸಾಧನಗಳ ಸ್ವರೂಪವನ್ನು ತಿಳಿಯಲು ನಮಗೆ ಛಂದಶ್ಶಾಸ್ತ್ರದ ಹೋಲಿಕೆ ತಕ್ಕುದು. ಗುರು, ಲಘು ಎಂಬ ಎರಡೇ ತುಂಡುಗಳನ್ನು ಮೂರು ಮೂರಾಗಿ ಜೋಡಿಸಿದರೆ ಎಂಟು ಗಣಗಳಾಗುವುವು. ಆ ಗಣಗಳನ್ನು ಜೋಡಿಸಿದರೆ ಲೆಕ್ಕವಿಲ್ಲದಷ್ಟು ವೃತ್ತಗಳಾಗುವುವು. ಪಿಂಗಳನು ಕಾವ್ಯವನ್ನು ಬರೆದುಕೊಡಲಿಲ್ಲ; ಕಾವ್ಯ ಬರೆಯುವವರ ಕೈಗೆ ಅಳತೆಗೋಲನ್ನು ಕೊಟ್ಟನು. ಅಳತೆಗೋಲು ದೊರೆತ ಮಾತ್ರಕ್ಕೆ ಎಲ್ಲರೂ ಕವಿಗಳಾಗುವುದಿಲ್ಲ ನಿಜ; ಆದರೆ ಅದು ದೊರೆಯದಿದ್ದರೆ ಕವಿಯಾಗಬಲ್ಲವನೂ ಆಗದೆ ಹೋಗುವನು.

ಮಕ್ಕಳ ಕೈಗೆ ಈ ಅಳತೆಗೋಲನ್ನು ಕೊಡುವ ಪ್ರಯತ್ನವು 1967ರಷ್ಟು ಹಿಂದೆಯೇ ಆರಂಭವಾಯಿತು. ಆ ವರ್ಷ ಅಮೆರಿಕಾ ದೇಶದಲ್ಲಿ ಸೀಮೋರ್ ಪೇಪರ್ಟ್, ವಾಲೇಸ್ ಫೋಯರ್‌ಟ್ಸೈಗ್, ಸಿಂಥಿಯಾ ಸಾಲೊಮನ್ ಎಂಬವರು ಮಕ್ಕಳಿಗಾಗಿ ‘ಲೋಗೊ’ ಎಂಬ ಯಂತ್ರಭಾಷೆಯನ್ನು ರಚಿಸಿದರು. ಅದೇ ಪರಂಪರೆಯಲ್ಲಿ 2007ರಲ್ಲಿ ಎಂಐಟಿ ವಿದ್ಯಾಸಂಸ್ಥೆಯ ಮಿಚೆಲ್ ರೆಸ್ನಿಕ್ ಅವರ ತಂಡವು ‘ಸ್ಕ್ರ್ಯಾಚ್’ ಎಂಬುದನ್ನು ಹೊರತಂದಿತು. ಇದರಲ್ಲಿ ಆಜ್ಞೆಗಳು ಬಣ್ಣಬಣ್ಣದ ಬಿಲ್ಲೆಗಳ ರೂಪದಲ್ಲಿರುವುವು. ಮಗುವು ಅವುಗಳನ್ನು ಒಂದಕ್ಕೊಂದು ಸಿಕ್ಕಿಸಿ ಆಟವನ್ನು ಕಟ್ಟುವುದು. ಕಟ್ಟಿ ಹಂಚಿಕೊಂಡ ಆಟದ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಮೂಲಕರ್ತನ ಹೆಸರನ್ನು ಉಳಿಸಿಕೊಂಡು ಅದರ ಮೇಲೆ ತಮ್ಮ ಮಾರ್ಪಾಡನ್ನು ಕಟ್ಟಬಹುದು. ಸೂತ್ರಕ್ಕೆ ವೃತ್ತಿ, ವೃತ್ತಿಗೆ ಭಾಷ್ಯ, ಭಾಷ್ಯಕ್ಕೆ ಟೀಕೆ ಎಂದು ಬೆಳೆದ ವಿದ್ಯೆಯಲ್ಲಿ ಓದಿ ಬಂದ ನನ್ನಂಥವನಿಗೆ ಈ ಕ್ರಮವು ಹೊಸತಾಗಿ ತೋರುವುದಿಲ್ಲ. ಪಾಠಶಾಲೆಯಲ್ಲಿ ಗುರುಗಳು ನಮಗೆ ಕಲಿಸಿದುದೂ ಇದನ್ನೇ: ಹಿಂದಿನವರದನ್ನು ಬಿಡಿಸಿ ನೋಡು, ಅವರ ಹೆಸರು ಹೇಳು, ಆಮೇಲೆ ನಿನ್ನ ಮಾತನ್ನು ಸೇರಿಸು.

ಆಟವನ್ನು ವ್ಯಸನಗಳಲ್ಲಿ ಸೇರಿಸಿ ನಮ್ಮ ಧರ್ಮಶಾಸ್ತ್ರಕಾರರು ನಿಂದಿಸಿರುವರಲ್ಲಾ ಎಂದು ಯಾರಾದರೂ ಕೇಳಬಹುದು. ಅವರು ನಿಂದಿಸಿದುದು ಪಣವಿಟ್ಟು ಆಡುವ ದ್ಯೂತವನ್ನು. ಸೋಲುತ್ತಿದ್ದರೂ ಏಳಲಾರದೆ ಕುಳಿತಿರುವುದು ಜೂಜುಗಾರನ ಲಕ್ಷಣ. ಆಟವನ್ನು ಕಟ್ಟುವವನಾದರೋ ನಡುನಡುವೆ ನಿಲ್ಲಬೇಕು, ಯೋಚಿಸಬೇಕು, ತಪ್ಪಿದ ಕಡೆ ತಿದ್ದಬೇಕು, ಆಡುವ ಇನ್ನೊಬ್ಬನ ಮನಸ್ಸು ಹೇಗೆ ನಡೆದೀತೆಂದು ಊಹಿಸಬೇಕು. ಮನೆಯ ಮಕ್ಕಳು ಮೊಬೈಲನ್ನು ಹಿಡಿದು ಕುಳಿತಿರುವರೆಂದು ಗದರುವ ತಂದೆತಾಯಿಗಳು, ಮಗುವು ಆಡುತ್ತಿದೆಯೋ ಕಟ್ಟುತ್ತಿದೆಯೋ ಎಂಬುದನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಹೀಗೆ ಕಟ್ಟುವ ಸಾಧನಗಳು ಬೆಳೆದಂತೆ ಪ್ರಕಟಿಸುವ ಸೌಕರ್ಯವೂ ಬೆಳೆಯಿತು. 2006ರಲ್ಲಿ ‘ರೋಬ್ಲಾಕ್ಸ್’, 2008ರಲ್ಲಿ ಇಂಗ್ಲೆಂಡಿನ ಮೀಡಿಯಾ ಮಾಲಿಕ್ಯೂಲ್ ಸಂಸ್ಥೆಯ ‘ಲಿಟಲ್ ಬಿಗ್ ಪ್ಲಾನೆಟ್’, 2015ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ‘ಸೂಪರ್ ಮಾರಿಯೋ ಮೇಕರ್’ ಬಂದುವು. ಇವುಗಳಲ್ಲಿ ಆಟ ಕಟ್ಟಿದವನು ಫ್ಲಾಪಿಯನ್ನು ಹಿಡಿದು ಅಲೆಯಬೇಕಾಗಿಲ್ಲ. ಒಂದು ಗುಂಡಿಯನ್ನು ಒತ್ತಿದರೆ ಅವನ ಆಟವು ಕಂಪೆನಿಯ ಸರ್ವರುಗಳೆಂಬ ದೊಡ್ಡ ಯಂತ್ರಗಳನ್ನು ಸೇರಿ ಅಲ್ಲಿಂದ ಎಲ್ಲರಿಗೂ ದೊರೆಯುವುದು. ಮಾರಿಯೋ ಮೇಕರಿನಲ್ಲಿ ಒಂದು ನ್ಯಾಯವಾದ ಕಟ್ಟಳೆಯಿದ್ದಿತು: ರಚಿಸಿದವನು ತನ್ನ ಘಟ್ಟವನ್ನು ತಾನೇ ಒಮ್ಮೆ ಆಡಿ ಗೆದ್ದು ತೋರಿಸಿದ ಹೊರತು ಅದನ್ನು ಪ್ರಕಟಿಸಲು ಬಾರದು. ಲಿಟಲ್ ಬಿಗ್ ಪ್ಲಾನೆಟ್ಟಿನಲ್ಲಿಯಂತೂ ಜನರು ಲಕ್ಷಗಟ್ಟಲೆ ಘಟ್ಟಗಳನ್ನು ಕಟ್ಟಿ ಪ್ರಕಟಿಸಿದರು.

ಆದರೆ ಫ್ಲಾಪಿ ಹೋದುದರೊಡನೆ ಇನ್ನೊಂದೂ ಹೋಯಿತು. ಆಟವು ಕಟ್ಟಿದವನ ಕೈಯಲ್ಲಿ ಉಳಿಯಲಿಲ್ಲ. ಲಿಟಲ್ ಬಿಗ್ ಪ್ಲಾನೆಟ್ಟಿನ ಹಳೆಯ ಯಂತ್ರಗಳ ಸರ್ವರುಗಳನ್ನು 2021ರಲ್ಲಿ ಮುಚ್ಚಿದರು. ಉಳಿದಿದ್ದುವೂ 2024ರ ಜನವರಿಯಲ್ಲಿ ನಿಂತು, ಇನ್ನು ತೆರೆಯುವುದಿಲ್ಲವೆಂದು ಏಪ್ರಿಲ್ಲಿನಲ್ಲಿ ತಿಳಿಯಬಂದಿತು. ಅಭಿಮಾನಿಗಳು ಮುಂಚಿತವಾಗಿ ಪ್ರತಿ ಮಾಡಿಟ್ಟುಕೊಂಡಿದ್ದುವು ಅವರ ಶ್ರಮದಿಂದ ಉಳಿದುವು. ವೀ ಯು ಯಂತ್ರದ ಮಾರಿಯೋ ಮೇಕರಿನಲ್ಲಿ ಹೊಸ ಘಟ್ಟಗಳ ಪ್ರಕಟಣೆ 2021ರ ಮಾರ್ಚಿಗೆ ನಿಂತಿತು. 2024ರ ಏಪ್ರಿಲ್ 8ಕ್ಕೆ ಆ ಯಂತ್ರದ ಜಾಲಸೇವೆಯೇ ಕೊನೆಗೊಂಡಿತು. ಆ ದಿನ ಹತ್ತಿರ ಬರುತ್ತಿರುವಾಗ ಆಟಗಾರರ ಒಂದು ಬಳಗವು ಯಾರೂ ಗೆಲ್ಲದೆ ಬಿದ್ದಿದ್ದ ಘಟ್ಟಗಳನ್ನು ಹುಡುಕಿ ಹುಡುಕಿ, ಕಟ್ಟಿದವನ ಶ್ರಮ ವ್ಯರ್ಥವಾಗಬಾರದೆಂಬಂತೆ, ಒಂದೊಂದನ್ನೂ ಆಡಿ ಮುಗಿಸಿತು. ಕೊನೆಯದನ್ನು ಗೆದ್ದುದು ಬಾಗಿಲು ಮುಚ್ಚುವುದಕ್ಕೆ ಕೆಲವೇ ವಾರಗಳ ಮುಂಚೆ. ಮುಳುಗಲಿರುವ ಊರಿನ ಗುಡಿಗಳಲ್ಲೆಲ್ಲ ಒಂದೊಂದು ದೀಪ ಹಚ್ಚಿಬಂದಂತಾಯಿತು. ಒಡೆಯನಿಗೆ ಯಂತ್ರವನ್ನು ನಡೆಸಲು ಖರ್ಚಿದೆ, ಲಾಭವಿಲ್ಲದಾಗ ನಿಲ್ಲಿಸುವನು, ಅದನ್ನು ಅನ್ಯಾಯವೆನ್ನಲಾಗದು. ಆದರೆ ಆ ಆಟಗಳಿಗೆ ಕೌತುಕನಿಧಿಯಂಥ ಗ್ರಂಥವೂ ಇರಲಿಲ್ಲ, ಚೌಕಾಬಾರದಂತೆ ಮತ್ತೊಂದು ನೆಲದ ಮೇಲೆ ಗೀಚಿಕೊಳ್ಳುವ ಬಳಕೆಯೂ ಇರಲಿಲ್ಲ. ಮೇಲೆ ಹೇಳಿದ ಎರಡು ಆಸರೆಗಳೂ ತಪ್ಪಿದಾಗ ಆಗುವುದು ಇದು.

ಎರಡನೆಯ ಪ್ರಶ್ನೆ ಸೊತ್ತಿನದು. 2002ರಲ್ಲಿ ಬ್ಲಿಜರ್ಡ್ ಸಂಸ್ಥೆಯು ‘ವಾರ್‌ಕ್ರಾಫ್ಟ್ 3’ ಎಂಬ ಯುದ್ಧದ ಆಟವನ್ನು ಪ್ರಕಟಿಸಿ, ಅದರೊಡನೆ ಹೊಸ ಆಟಗಳನ್ನು ರಚಿಸುವ ಉಪಕರಣವನ್ನೂ ಕೊಟ್ಟಿತು. ಆಟಗಾರರು ಅದನ್ನು ಉಪಯೋಗಿಸಿ 2003ರಲ್ಲಿ ‘ಡೋಟಾ’ ಎಂಬ ಆಟವನ್ನು ಕಟ್ಟಿದರು. ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ತಿದ್ದಿಸಿಕೊಂಡು ಬೆಳೆದು ಒಂದು ಹೊಸ ಕ್ರೀಡಾಜಾತಿಗೇ ಮೂಲವಾಯಿತು. ಅದರ ಸಂತತಿಯಾದ ‘ಡೋಟಾ 2’ ಆಟದ 2021ರ ದೊಡ್ಡ ಪಂದ್ಯದಲ್ಲಿ ಬಹುಮಾನದ ಒಟ್ಟು ಮೊತ್ತವೇ 4 ಕೋಟಿ ಡಾಲರುಗಳಾಗಿದ್ದಿತು. ಆದರೆ ಆ ಸಂತತಿಯನ್ನು ಪ್ರಕಟಿಸಿದುದು ವಾಲ್ವ್ ಎಂಬ ಬೇರೊಂದು ಸಂಸ್ಥೆ. ಮುಂದೆ 2020ರಲ್ಲಿ ವಾರ್‌ಕ್ರಾಫ್ಟ್ 3 ಹೊಸ ರೂಪದಲ್ಲಿ ಬಂದಾಗ ಬ್ಲಿಜರ್ಡ್ ಸಂಸ್ಥೆಯು ಒಂದು ಷರತ್ತನ್ನು ಬರೆಯಿತು: ತನ್ನ ಉಪಕರಣದಿಂದ ಆಟಗಾರರು ಕಟ್ಟುವ ಆಟಗಳೆಲ್ಲವೂ ತನ್ನದೇ ಸೊತ್ತು.

ಈ ಷರತ್ತನ್ನು ನಮ್ಮ ಸಾಹಿತ್ಯಕ್ಕೆ ಅನ್ವಯಿಸಿ ನೋಡೋಣ. ಹದಿಮೂರನೆಯ ಶತಮಾನದ ರಾಘವಾಂಕನು ವಾರ್ಧಕಷಟ್ಪದಿಯಲ್ಲಿ ‘ಹರಿಶ್ಚಂದ್ರಕಾವ್ಯ’ವನ್ನು ರಚಿಸಿ ಆ ಛಂದಸ್ಸನ್ನು ರೂಢಿಗೆ ತಂದನು. ಬಹುಕಾಲದ ಮೇಲೆ ಲಕ್ಷ್ಮೀಶನು ಅದೇ ಷಟ್ಪದಿಯಲ್ಲಿ ‘ಜೈಮಿನಿ ಭಾರತ’ವನ್ನು ಹಾಡಿದನು. ಷಟ್ಪದಿ ತನ್ನದಾದುದರಿಂದ ಜೈಮಿನಿ ಭಾರತವೂ ತನ್ನದೆಂದು ರಾಘವಾಂಕನ ವಂಶಸ್ಥರು ಬಂದು ಕೇಳಿದ್ದರೆ ಕನ್ನಡಿಗರು ನಗದೆ ಇರುತ್ತಿದ್ದರೆ? ಅಳತೆಗೋಲು ಕೊಟ್ಟವನಿಗೆ ಗೌರವ ಸಲ್ಲಬೇಕು, ಬೆಲೆಯೂ ಸಲ್ಲಬೇಕು. ಅಳೆದು ಕಟ್ಟಿದ ಮನೆ ಮಾತ್ರ ಕಟ್ಟಿದವನದು.

ಬೆಲೆಯ ಮಾತು ಬಂದುದರಿಂದ ಕೌಟಿಲ್ಯನನ್ನು ನೆನೆಯಬೇಕು. ‘ಅರ್ಥಶಾಸ್ತ್ರ’ದ ಮೂರನೆಯ ಅಧಿಕರಣದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಆಟದ ಸ್ಥಳವನ್ನೂ ದಾಳಗಳನ್ನೂ ಕುಡಿಯುವ ನೀರನ್ನೂ ಒದಗಿಸಿದುದಕ್ಕೆ ಅವನು ಬಾಡಿಗೆಯನ್ನೂ, ಗೆದ್ದ ದ್ರವ್ಯದಲ್ಲಿ ನೂರಕ್ಕೆ ಐದರಂತೆ ಭಾಗವನ್ನೂ ತೆಗೆದುಕೊಳ್ಳತಕ್ಕದ್ದು. ಮೊಬೈಲುಗಳಿಗಾಗಿ ಆಪಲ್ ಸಂಸ್ಥೆಯು 2008ರಲ್ಲಿ ಅಂಗಡಿ ತೆರೆದಾಗ ಮಾರಾಟದಲ್ಲಿ ಇಟ್ಟುಕೊಂಡ ಭಾಗ ನೂರಕ್ಕೆ ಮೂವತ್ತು. ಭಾಗ ಹೆಚ್ಚೋ ಕಡಿಮೆಯೋ, ಅದು ಮೊದಲೇ ಗೊತ್ತಿದ್ದರೆ ಬಾಳಬಹುದು. ಆಟದ ನಡುವೆ ಅಧ್ಯಕ್ಷನು ಬಾಡಿಗೆಯನ್ನು ಬದಲಾಯಿಸಿದರೆ ಗತಿಯೇನು? 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಎಂಬ ಸಾಧನದ ಒಡೆಯರು, ಅದರಿಂದ ಕಟ್ಟಿದ ಆಟವು ಒಂದು ಮಿತಿಯನ್ನು ದಾಟಿದ ಮೇಲೆ ಹೊಸದಾಗಿ ಯಾರ ಯಂತ್ರದಲ್ಲಿ ಇಳಿದರೂ ಶುಲ್ಕ ಕೊಡಬೇಕೆಂದು ಸಾರಿದರು. ಆಟ ಕಟ್ಟುವವರು ಲೋಕದ ನಾನಾ ಕಡೆಗಳಿಂದ ಪ್ರತಿಭಟಿಸಿದರು. ಒಂದು ವರ್ಷದ ಮೇಲೆ, 2024ರ ಸೆಪ್ಟೆಂಬರಿನಲ್ಲಿ, ಆ ಶುಲ್ಕವನ್ನು ಹಿಂತೆಗೆದುಕೊಳ್ಳಬೇಕಾಯಿತು.

ಎಲ್ಲ ಸಾಧನಗಳೂ ಹೀಗೆಯೇ ಎಂದು ತಿಳಿಯಬಾರದು. 1993ರ ‘ಡೂಮ್’ ಎಂಬ ಆಟದಲ್ಲಿ ಘಟ್ಟಗಳನ್ನು ಬೇರೆ ಕಡತದಲ್ಲಿ ಇಟ್ಟಿದ್ದರು. 1997ರಲ್ಲಿ ಅದನ್ನು ನಡೆಸುವ ಆಜ್ಞೆಗಳ ಮೂಲಪಾಠವನ್ನೇ ಲೋಕಕ್ಕೆ ಕೊಟ್ಟುಬಿಟ್ಟರು. ಮೂವತ್ತು ವರ್ಷಗಳು ಕಳೆದರೂ ಜನರು ಅದಕ್ಕೆ ಹೊಸ ಘಟ್ಟಗಳನ್ನು ರಚಿಸುತ್ತಲೇ ಇರುವರು. 2009ರಲ್ಲಿ ಕ್ರಿಸ್ ಕ್ಲೈಮಸ್ ಎಂಬವರು ರಚಿಸಿದ ‘ಟ್ವೈನ್’ ಎಂಬ ಸಾಧನದಿಂದ ಕಥಾರೂಪದ ಆಟವನ್ನು ಕಟ್ಟಿದರೆ, ಅದು ಒಂದೇ ಕಡತವಾಗಿ ಕಟ್ಟಿದವನ ಕೈಸೇರುವುದು. ಅವನು ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. 2014ರಲ್ಲಿ ಮೂಲಪಾಠಸಹಿತವಾಗಿ ಹೊರಬಿದ್ದ ‘ಗೋಡೋ’ ಎಂಬ ಸಾಧನಕ್ಕೆ ಬೆಲೆಯೂ ಇಲ್ಲ, ಅದರಿಂದ ಕಟ್ಟಿದುದರಲ್ಲಿ ಭಾಗ ಕೇಳುವವರೂ ಇಲ್ಲ. ಆ ಹಳೆಯ ಫ್ಲಾಪಿಯ ಗುಣವು ಇವುಗಳಲ್ಲಿ ಉಳಿದಿದೆ.

ಪ್ರತಿಗೆ ಎಡೆಯಿರುವ ಕೃತಿ ಎಷ್ಟು ಕಾಲವಾದರೂ ಬದುಕುವುದೆಂಬುದಕ್ಕೆ ನಮ್ಮ ನಗರವೇ ಸಾಕ್ಷಿ. ಈಗ ಹೇಳಿದ ಅರ್ಥಶಾಸ್ತ್ರವು ಶತಮಾನಗಳವರೆಗೆ ಲೋಕಕ್ಕೆ ಹೆಸರು ಮಾತ್ರವಾಗಿದ್ದಿತು. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯೊಂದರಲ್ಲಿ ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಯಾವನೋ ಒಬ್ಬ ಲಿಪಿಕಾರನು ಬೆನ್ನು ಬಾಗಿಸಿ ಕುಳಿತು ಓಲೆಯಿಂದ ಓಲೆಗೆ ಇಳಿಸಿದುದರಿಂದ ಕೌಟಿಲ್ಯನು ನಮಗೆ ದೊರೆತನು. ಪ್ರತಿ ಮಾಡಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಮೂಲದ ಒಡೆಯನು ಬಾಗಿಲು ಮುಚ್ಚುವ ಭಯವೂ ಇರಲಿಲ್ಲ.

ಆದುದರಿಂದ ಮಕ್ಕಳ ಕೈಗೆ ಆಟ ಕಟ್ಟುವ ಸಾಧನವನ್ನು ಕೊಡುವ ಮನೆಯವರು ಮೂರು ಮಾತುಗಳನ್ನು ವಿಚಾರಿಸುವುದು ಯುಕ್ತ. ಕಟ್ಟಿದ ಆಟವನ್ನು ಕಡತವಾಗಿ ಮನೆಯಲ್ಲಿ ಇಟ್ಟುಕೊಳ್ಳಬಹುದೆ? ಸಾಧನದ ಒಡೆಯನು ನಾಳೆ ಇಲ್ಲದಿದ್ದರೂ ಅದು ನಡೆದೀತೆ? ಷರತ್ತುಗಳಲ್ಲಿ ಅದು ಯಾರ ಸೊತ್ತೆಂದು ಬರೆದಿದೆ? ಮಗುವಿಗೆ ಇಂದು ಇವು ಬೇಡವಾಗಿ ತೋರಬಹುದು. ತಾನು ಹತ್ತನೆಯ ವಯಸ್ಸಿನಲ್ಲಿ ಕಟ್ಟಿದುದನ್ನು ನಲವತ್ತರಲ್ಲಿ ತನ್ನ ಮಗುವಿಗೆ ತೋರಿಸಬೇಕೆಂದಾಗ ಇವೇ ಮುಖ್ಯವಾಗುವುವು.

ನಮ್ಮ ಸಂಘದ ಸದಸ್ಯರಲ್ಲಿ ಒಂದು ಸೂಚನೆಯನ್ನು ಮುಂದಿಟ್ಟು ಈ ಲೇಖನವನ್ನು ಮುಗಿಸುವೆನು. ಮಹಾರಾಜರ ಆಟಗಳಿಗೆ ಗ್ರಂಥವುಂಟು. ನಮ್ಮ ಮನೆಗಳ ಚೌಕಾಬಾರಕ್ಕೂ ಹುಲಿಕುರಿಯಾಟಕ್ಕೂ ಅಳಗುಳಿಮಣೆಗೂ ಇರುವುದು ಬಳಕೆಯೊಂದೇ, ಅದೂ ದಿನದಿನಕ್ಕೆ ಕ್ಷೀಣಿಸುತ್ತಿದೆ. ಮೈಸೂರಿನ ಮನೆಮನೆಯ ವಿಧಿಭೇದಗಳನ್ನು ಹಿರಿಯರು ಹೇಳಲಿ, ನಡುವಯಸ್ಸಿನವರು ಬರೆದುಕೊಳ್ಳಲಿ. ಮೊಮ್ಮಕ್ಕಳು ಆ ವಿಧಿಗಳನ್ನು ಬಿಲ್ಲೆಗಳಿಂದ ಜೋಡಿಸಿ ತೆರೆಯ ಮೇಲೆ ತರಲಿ. ತಂದುದರ ಒಂದೊಂದು ಪ್ರತಿ ನಮ್ಮ ಸಂಘದ ಪುಸ್ತಕಭಂಡಾರದಲ್ಲಿಯೂ ಇರಲಿ. ಗ್ರಂಥವೂ ಬಳಕೆಯೂ ಕೂಡಿದರೆ ಆ ಆಟಗಳನ್ನು ಯಾರೂ ಮುಚ್ಚಲಾರರು.